ಆ ಕಾಗದಕ್ಕೆ ಸಹಿ ಹಾಕೋರು ಯಾರು?

ಸ್ಪೀಚ್-ಟು-ಟೆಕ್ಸ್ಟ್ ಪ್ರಾಜೆಕ್ಟ್ ಮಾಡದ ಬ್ಯಾಚ್ ಈಗ ಸಿಗೋದೇ ಕಷ್ಟ. ಡೆಮೊ ದಿನ ಸ್ಲೈಡ್‌ನಲ್ಲಿ "ಅಕ್ಯುರೆಸಿ 95%" ಅಂತ ಹಾಕಿದರೆ ಗೈಡ್ ಖುಷಿ, ನಾವೂ ಖುಷಿ. ಅಮೆರಿಕದಲ್ಲಿ ಇಂಥದೇ ಅಂಕಿಗಳ ಮೇಲೆ ಒಂದು ವೃತ್ತಿಯೇ ನಿಂತಿದೆ: ಕೋರ್ಟ್ ರಿಪೋರ್ಟರ್. ಪತ್ರಕರ್ತರಲ್ಲ, ನ್ಯಾಯಾಲಯದಲ್ಲಿ ಆಡಿದ ಪ್ರತಿ ಮಾತನ್ನೂ ಸ್ಟೆನೋಟೈಪ್ ಯಂತ್ರದಲ್ಲಿ ದಾಖಲಿಸುವವರು.

ಅಲ್ಲಿನ ಹಲವು ರಾಜ್ಯಗಳಲ್ಲಿ ಈ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಬೇಕು, ಕೆಲವು ರಾಜ್ಯಗಳಲ್ಲಿ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ 1951ರಿಂದ ಒಂದು ಮಂಡಳಿ ಇದೆ. ಪರೀಕ್ಷೆಯಲ್ಲಿ ನಿಮಿಷಕ್ಕೆ 200 ಪದ, 97.5% ನಿಖರತೆ ಬೇಕು. ರಾಷ್ಟ್ರಮಟ್ಟದ ಆರ್‌ಪಿಆರ್ ಪ್ರಮಾಣಪತ್ರಕ್ಕಾದರೆ ಸಾಕ್ಷಿ ವಿಚಾರಣೆ ಭಾಗದಲ್ಲಿ ನಿಮಿಷಕ್ಕೆ 225 ಪದ, 95%.

"ಸಾಫ್ಟ್‌ವೇರ್ ಇದೆಯಲ್ಲ, ಇನ್ನೂ ಲೈಸೆನ್ಸ್ ಯಾಕೆ?" ಅಂತ ನಮ್ಮಲ್ಲಿ ಅನೇಕರು ಕೇಳ್ತಾರೆ. ನಾವು ಹೇಳೋದಿಷ್ಟೆ: ಲೈಸೆನ್ಸ್ ಇರುವುದು ಬರೀ ವೇಗಕ್ಕಲ್ಲ, ಹೊಣೆಗೆ. "ಇದು ನಡೆದದ್ದರ ಸರಿಯಾದ ದಾಖಲೆ" ಎಂದು ರಿಪೋರ್ಟರ್ ದೃಢೀಕರಿಸಿ ಸಹಿ ಹಾಕಬೇಕು. ಕರ್ತವ್ಯ ತಪ್ಪಿದರೆ ಮಂಡಳಿ ಲೈಸೆನ್ಸ್ ಕಿತ್ತುಕೊಳ್ಳಬಹುದು. ಮೇಲ್ಮನವಿ ಕೋರ್ಟ್ ಸಾಕ್ಷಿಯನ್ನು ಮತ್ತೆ ಕರೆಸಿ ಕೇಳುವುದಿಲ್ಲ, ಆ ಕಾಗದವನ್ನೇ ಓದುತ್ತದೆ.

ಲೆಕ್ಕ ಹಾಕಿ ನೋಡಿ. 225 ಪದದ ವೇಗದಲ್ಲಿ ಐದು ನಿಮಿಷ ಅಂದರೆ 1125 ಪದ. 95% ಅಂದರೆ ಸುಮಾರು 56 ತಪ್ಪು. ಆ 56ರಲ್ಲಿ ಯಾವ ಪದ ಇದೆ ಅನ್ನೋದೇ ಪ್ರಶ್ನೆ. ಕನ್ನಡದಲ್ಲಿ "ಹೊಡೆದ" ಮತ್ತು "ಹೊಡೆದೆ" ನಡುವೆ ಇರುವುದು ಒಂದು ಸ್ವರ. ನಮ್ಮ ಮಾಡೆಲ್‌ಗೆ ಅದು ಒಂದು ಎರರ್ ಅಷ್ಟೆ, "ಅಂತ" ಬಿಟ್ಟುಹೋದಷ್ಟೇ ತೂಕ. ಕಟಕಟೆಯಲ್ಲಿ ನಿಂತವನಿಗೆ ಅದು ತಪ್ಪೊಪ್ಪಿಗೆ.

ಹಾಗಂತ ಲೈಸೆನ್ಸ್ ವ್ಯವಸ್ಥೆ ಸರಿಯಾಗಿದೆ ಅಂತಲ್ಲ. ಫಿಲಡೆಲ್ಫಿಯಾದ 27 ಕೋರ್ಟ್ ರಿಪೋರ್ಟರ್‌ಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. 95% ಮಟ್ಟದ ಪ್ರಮಾಣಪತ್ರ ಇದ್ದವರೇ ಕಪ್ಪು ಜನರ ಆಡುನುಡಿಯ ವಾಕ್ಯಗಳಲ್ಲಿ ಪೂರ್ತಿ ಸರಿಯಾಗಿ ಬರೆದದ್ದು ಶೇಕಡಾ 60ರಷ್ಟನ್ನು ಮಾತ್ರ. ಯಂತ್ರಗಳ ಕಥೆಯೂ ಬೇರೆಯಲ್ಲ. 2020ರಲ್ಲಿ ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್‌ಗಳ ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ ಸರಾಸರಿ ಪದದೋಷ ಬಿಳಿಯರ ಮಾತಿಗೆ 19%, ಕಪ್ಪು ಜನರ ಮಾತಿಗೆ 35%.

ಇನ್ನೊಂದು ದೂರು ರಿಪೋರ್ಟರ್‌ಗಳ ಕೊರತೆ. ಕ್ಯಾಲಿಫೋರ್ನಿಯಾದಲ್ಲಿ ರಿಪೋರ್ಟರ್ ಸಿಗದೆ, ದುಡ್ಡು ಕೊಟ್ಟು ಕರೆಸಲೂ ಆಗದೆ, ದಾಖಲೆಯೇ ಇಲ್ಲದೆ ಕೇಸು ಮುಗಿಸಿಕೊಂಡು ಹೋಗುವವರಿದ್ದಾರೆ. ಶುಲ್ಕ ವಿನಾಯಿತಿ ಪಡೆದ ಬಡ ಕಕ್ಷಿದಾರರಿಗೆ ರಿಪೋರ್ಟರ್ ಉಚಿತವಾಗಿ ಸಿಗಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಬೇಕಾಯಿತು. 2022ರಲ್ಲಿ ಕಾನೂನು ಬದಲಿಸಿ, ಕೇಳಿದ್ದನ್ನು ಮೈಕ್‌ಗೆ ಮರುನುಡಿದು ದಾಖಲಿಸುವ ವಾಯ್ಸ್ ರೈಟರ್‌ಗಳಿಗೂ ಲೈಸೆನ್ಸ್‌ಗೆ ದಾರಿ ಮಾಡಿದರು. ನಮಗೆ ಸರಿ ಕಾಣೋದು ಈ ದಾರಿಯೇ. ಬಾಗಿಲು ಅಗಲ ಮಾಡಿ, ಬಾಗಿಲನ್ನೇ ಕಿತ್ತು ಹಾಕಬೇಡಿ.

ಇದು ನಮಗೂ ದೂರದ ವಿಷಯವಲ್ಲ. 2023ರ ಫೆಬ್ರುವರಿ 21ರಂದು ನಮ್ಮ ಸುಪ್ರೀಂ ಕೋರ್ಟ್ ಸಂವಿಧಾನ ಪೀಠದ ವಿಚಾರಣೆಗೆ ಎಐ ಲಿಪ್ಯಂತರ ಬಳಸಿತು. ಅದನ್ನು ಒದಗಿಸಿದ ಟೆರೆಸ್, ಬೆಂಗಳೂರಿನ ಕಂಪನಿಯದು. ಅಲ್ಲಿ ವಾದಿಸಿದ್ದು ಹಿರಿಯ ವಕೀಲರು, ಇಂಗ್ಲಿಷಿನಲ್ಲಿ. ನಾಳೆ ಇದು ಎಲ್ಲ ಕೆಳ ಕೋರ್ಟುಗಳಿಗೂ ಬಂದರೆ? ಅಲ್ಲಿ ಸಾಮಾನ್ಯವಾಗಿ ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಬರೆಸುತ್ತಾರೆ, ಸಾಕ್ಷಿಗೆ ಓದಿ ಹೇಳಿಸುತ್ತಾರೆ, ಸಹಿ ಹಾಕುತ್ತಾರೆ. ನಿಧಾನ ನಿಜ, ಆದರೆ ಕೇಳಲು ಒಬ್ಬರಿದ್ದಾರೆ. ಕಲಬುರಗಿಯ ಅಜ್ಜಿಯ ಮಾತನ್ನೋ ಕುಂದಾಪುರದ ಮೀನುಗಾರರ ಮಾತನ್ನೋ ಯಂತ್ರ ತಪ್ಪಾಗಿ ಬರೆದರೆ ಯಾರನ್ನು ಕೇಳೋಣ?

ಯಂತ್ರ ಬರಲಿ. ಆದರೆ ಅದರ ಪ್ರತಿಯನ್ನು ಆಡಿಯೋ ಜೊತೆ ಹೋಲಿಸಿ ಸಹಿ ಹಾಕುವ, ಆಡುನುಡಿಗಳಲ್ಲೂ ಪರೀಕ್ಷೆ ಪಾಸಾದ, ಲೈಸೆನ್ಸ್ ಇರುವ ಮನುಷ್ಯರೊಬ್ಬರು ಇರಲೇಬೇಕು. ಮುಂದಿನ ಡೆಮೊದಲ್ಲಿ ನಾವೂ 95%ರ ಪಕ್ಕ ಇನ್ನೊಂದು ಸ್ಲೈಡ್ ಹಾಕೋಣ: ಉಳಿದ 5% ಯಾವ ಪದಗಳು, ಯಾರ ಮಾತು.