ಹೊಂಡ ತೋಡಿದೆವು, ಈಜು ಕಲಿಸಲಿಲ್ಲ

ಬೇಸಿಗೆ ರಜೆ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ: ಕೃಷಿ ಹೊಂಡದಲ್ಲಿ ಮುಳುಗಿ ಬಾಲಕರ ಸಾವು. ಬದಲಾಗುವುದು ಊರಿನ ಹೆಸರು ಮಾತ್ರ. ನುರಿತ ಈಜುಗಾರರು ಶವಗಳನ್ನು ಹೊರತೆಗೆದರು, ಠಾಣೆಯಲ್ಲಿ ಪ್ರಕರಣ ದಾಖಲಾಯಿತು ಎಂಬಲ್ಲಿಗೆ ವರದಿ ಮುಗಿಯುತ್ತದೆ. ಆಡಳಿತದ ಕೆಲಸವೂ ಮುಗಿಯುತ್ತದೆ. ಇಂಥ ಸಾವುಗಳನ್ನು ವಿಧಿಲಿಖಿತವೆಂದು ನಾವು ಒಪ್ಪಿಕೊಂಡಂತಿದೆ. ನಿಜದಲ್ಲಿ ಇವು ಅರ್ಧಕ್ಕೇ ನಿಂತ ಯೋಜನೆಗಳ ಫಲ.

ಗದಗ ಜಿಲ್ಲೆಯನ್ನೇ ನೋಡೋಣ. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಮ್ಮಿಗಿಯ ಬ್ಯಾರೇಜಿನಲ್ಲಿ ಸಿಂಗಟಾಲೂರು ಏತ ನೀರಾವರಿ ಯೋಜನೆಗಾಗಿ ನೀರು ನಿಲ್ಲುತ್ತದೆ. ಲಕ್ಷ್ಮೇಶ್ವರ ಮತ್ತು ಗದಗ-ಬೆಟಗೇರಿ ಸುತ್ತಲಿನ ಬಹುಪಾಲು ಹೊಲಗಳು ಮಾತ್ರ ಮಳೆಯನ್ನೇ ನಂಬಿವೆ. ಇಂಥ ನಾಡಿಗೆ 2014ರಲ್ಲಿ ಆರಂಭವಾದ ‘ಕೃಷಿ ಭಾಗ್ಯ’ ವರವೇ ಸರಿ. ಹೊಂಡದಲ್ಲಿ ಹಿಡಿದಿಟ್ಟ ನೀರು ಕೈಕೊಟ್ಟ ಮಳೆಯ ನಡುವೆ ಒಂದು ಬೆಳೆಯನ್ನು ಉಳಿಸಬಲ್ಲದು. ಹೊಂಡದ ಉಪಯುಕ್ತತೆಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಅದರ ರಚನೆಯ ಬಗ್ಗೆ. ಸುಮಾರು 3 ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪಾಲಿಥೀನ್ ಹೊದಿಕೆ. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಕೈಗೆ ಆಸರೆ ಸಿಗುವುದಿಲ್ಲ. ಬಿದ್ದವನನ್ನು ಎಳೆಯಲು ಹೋದವನೂ ಜಾರಿ ಬೀಳುತ್ತಾನೆ. ಒಂದೇ ಮನೆಯ ಎರಡು ಮೂರು ಜೀವಗಳು ಒಟ್ಟಿಗೆ ಹೋಗುವುದು ಹೀಗೆ. ಗದಗಿಗೆ ಹತ್ತಿರದ ಲಕ್ಕುಂಡಿಯಲ್ಲಿ ಶತಮಾನಗಳ ಹಿಂದಿನ ಮುಸುಕಿನ ಬಾವಿಯನ್ನು ಕಟ್ಟಿದವರು ನೀರಿನವರೆಗೆ ಮೆಟ್ಟಿಲು ಇಳಿಸಿದ್ದರು. ನಾವು ಒಂದು ಗಂಟುಹಗ್ಗವನ್ನೂ ಕಟ್ಟಲಿಲ್ಲ.

‘ನಾವು’ ಎಂಬ ಮಾತನ್ನು ತಿಳಿದೇ ಬಳಸುತ್ತಿದ್ದೇನೆ. ಸೇವೆಯ ಕೊನೆಯ ವರ್ಷಗಳಲ್ಲಿ ನಾನೂ ಹೊಂಡಗಳನ್ನು ಪರಿಶೀಲಿಸಿದ್ದೇನೆ. ಉದ್ದ, ಅಗಲ, ಆಳ, ಬಿಡುಗಡೆಯಾದ ಸಹಾಯಧನ ಎಲ್ಲಕ್ಕೂ ನಮೂನೆಯಲ್ಲಿ ಅಂಕಣಗಳಿದ್ದವು. ಬಿದ್ದವರು ಹತ್ತುವುದು ಹೇಗೆ ಎಂಬುದಕ್ಕೆ ಅಂಕಣವಿರಲಿಲ್ಲ, ನಾನೂ ಕೇಳಲಿಲ್ಲ. ಹೊಂಡದ ಲಾಭ ಹೊಲದ ಒಡೆಯನದು, ಅಪಾಯ ಮಾತ್ರ ದನ ಕಾಯುವ, ಬಟ್ಟೆ ಒಗೆಯುವ, ರಜೆಯಲ್ಲಿ ಅಲೆಯುವ ಮಕ್ಕಳದು. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಆಗುವಲ್ಲಿ ಸರ್ಕಾರ ಮಧ್ಯೆ ಬರಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. 2023–24ರಲ್ಲಿ ಯೋಜನೆಗೆ ಮರುಜೀವ ಬಂದಾಗ ತಂತಿ ಬೇಲಿಯನ್ನು ಅದರ ಭಾಗವಾಗಿಸಿದ್ದು ಸ್ವಾಗತಾರ್ಹ. ಆದರೆ ಅದಕ್ಕೂ ಮೊದಲು ತೋಡಿದ ಹೊಂಡಗಳ ಗತಿಯೇನು?

ಬೇಲಿ ಪರಿಹಾರದ ಅರ್ಧ ಮಾತ್ರ. ಉಳಿದರ್ಧ ಈಜು. 1960ರ ದಶಕದ ಕೊನೆಯಲ್ಲಿ ನಾನು ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು. ಆ ಕಾಲವನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ನಮ್ಮ ಬಾವಿಗೆ ಇಳಿಯಲು ಕೇರಿಯ ಹುಡುಗರಿಗೆ ಅನುಮತಿ ಇರಲಿಲ್ಲ. ನಮ್ಮದೇ ಅಕ್ಕತಂಗಿಯರಿಗೂ ಇರಲಿಲ್ಲ. ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಮಹಾಡಿನಲ್ಲಿ ಅಂಬೇಡ್ಕರ್ ಅವರು ಸತ್ಯಾಗ್ರಹ ನಡೆಸಬೇಕಾಗಿ ಬಂದ ದೇಶವಿದು. ನೀರಿನಿಂದ ದೂರ ಇಟ್ಟವರಿಗೆ ಈಜು ಬರುವುದಾದರೂ ಹೇಗೆ? ಅಮೆರಿಕದಲ್ಲಿ ಒಂದು ಕಾಲಕ್ಕೆ ಕರಿಯರನ್ನು ಈಜುಕೊಳಗಳಿಂದ ಹೊರಗಿಟ್ಟರು. ಅಲ್ಲಿ ಈಜುಕೊಳಗಳಲ್ಲಿ ಮುಳುಗಿ ಸಾಯುವ ಮಕ್ಕಳಲ್ಲಿ ಅವರ ಪ್ರಮಾಣ ಇಂದಿಗೂ ಬಿಳಿಯರಿಗಿಂತ ಬಹಳ ಹೆಚ್ಚು. ನಮ್ಮಲ್ಲಿ ಈಗ ಹಳೆಯ ಬಾವಿಗಳೂ ಬತ್ತಿವೆ. ನಗರದ ಈಜುಕೊಳಕ್ಕೆ ಶುಲ್ಕವುಂಟು, ಬಸ್ಸಿನ ಖರ್ಚುಂಟು. ದುಡಿಮೆಗೆ ಗೋವೆಗೆ ಹೋದ ತಂದೆತಾಯಿ ಅಜ್ಜಿಯ ಬಳಿ ಬಿಟ್ಟ ತಾಂಡಾದ ಹುಡುಗಿಗೆ ಅದು ಎಟುಕುವುದಿಲ್ಲ.

ಇದು ಸಣ್ಣ ಪ್ರಶ್ನೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ಬಾಲಕಿಯರು ಪ್ರವಾಸ ಹೋದಾಗ ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಕೆಲ ದಿನ ಎಲ್ಲರೂ ಮರುಗಿದೆವು. ಚರ್ಚೆಯಾದದ್ದು ಪ್ರವಾಸದ ಮೇಲ್ವಿಚಾರಣೆ. ಮಕ್ಕಳಿಗೆ ನೀರಿನ ಪರಿಚಯ ಮಾಡಿಸುವ ಮಾತು ಹೆಚ್ಚು ಕೇಳಲಿಲ್ಲ.

ದಾರಿ ತೋರಿಸಿರುವುದು ನೆರೆಯ ಬಾಂಗ್ಲಾದೇಶ. ಅಲ್ಲಿ ಊರ ಕೊಳದಲ್ಲೇ ಬಿದಿರಿನ ಕಟ್ಟೆ ಕಟ್ಟಿ, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು, ಅವರಿಂದ ಮಕ್ಕಳಿಗೆ ಈಜು ಕಲಿಸಲಾಯಿತು. ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ 90ಕ್ಕಿಂತ ಹೆಚ್ಚು ತಗ್ಗಿತು. ಅವರಿಗೆ ಕಲಿಸಿದ್ದು ಪದಕ ಗೆಲ್ಲುವ ಈಜಲ್ಲ; ತೇಲುವುದು, ಒಂದಿಷ್ಟು ದೂರ ಈಜಿ ದಡ ಸೇರುವುದು, ಬಿದ್ದವರಿಗೆ ತಾನು ಜಿಗಿಯದೆ ಕೋಲು ಚಾಚುವುದು.

ನಮ್ಮಲ್ಲಿಯೂ ಇದು ಸಾಧ್ಯ. ಮೊದಲನೆಯದಾಗಿ, ಹಳೆಯ ಪ್ರತಿ ಹೊಂಡಕ್ಕೂ ಬೇಲಿ, ಗೂಟಕ್ಕೆ ಕಟ್ಟಿದ ಗಂಟುಹಗ್ಗ, ಗಾಳಿ ತುಂಬಿದ ಟ್ಯೂಬು ಕಡ್ಡಾಯವಾಗಲಿ; ಪಂಚಾಯಿತಿ ವರ್ಷಕ್ಕೊಮ್ಮೆ ಪರಿಶೀಲಿಸಲಿ. ಎರಡನೆಯದಾಗಿ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಂದ ಈಜು ಪಾಠ ಆರಂಭವಾಗಲಿ. ದಲಿತ, ಲಂಬಾಣಿ, ಮುಸ್ಲಿಂ, ಲಿಂಗಾಯತ, ಕುರುಬ ಎನ್ನದೆ ಮಕ್ಕಳು ಒಂದೇ ಸೂರಿನಡಿ ಇರುವ ತಾಣಗಳು ಅವು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆ, ಮಹಿಳಾ ತರಬೇತುದಾರರು ಇರಲಿ. ಉಡುಪಿನ ಬಗ್ಗೆ ಮನೆಯವರಿಗೆ ಅಳುಕಿದ್ದರೆ ಮೈತುಂಬ ಬಟ್ಟೆಯಲ್ಲೇ ಕಲಿಯಲಿ. ಹೇಗಿದ್ದರೂ ಕೊಡ ತುಂಬಲು ಹೋಗಿ ಜಾರುವಾಗ ಅವಳ ಮೈಮೇಲಿರುವುದು ಅದೇ ಬಟ್ಟೆ.

ಮೂರನೆಯದಾಗಿ, ಕಲಿಸುವವರನ್ನು ದೂರದಿಂದ ಕರೆತರಬೇಕಾಗಿಲ್ಲ. ಪತ್ರಿಕೆಯ ವರದಿಯಲ್ಲಿ ಬರುವ ‘ನುರಿತ ಈಜುಗಾರರು’ ಹೆಚ್ಚಾಗಿ ಹೊಳೆದಂಡೆಯ ಮೀನುಗಾರರು, ಅಂಬಿಗರು. ಮಗು ಮುಳುಗಿದ ಮೇಲೆ ಹೆಣ ಹುಡುಕಲು ನಾವು ಅವರ ಮನೆಗೆ ಓಡುತ್ತೇವೆ. ಅವರ ಮಕ್ಕಳಿಗೆ ತರಬೇತಿ, ಗೌರವಧನ ಕೊಟ್ಟು ಶಾಲೆಯ ಗುರುಗಳಾಗಿ ಮೊದಲೇ ಕರೆಯಬಾರದೇಕೆ?

ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲೇ ಮುಳುಗುಸಾವು ತಡೆಗೆ ಕಾರ್ಯಚೌಕಟ್ಟನ್ನು ಪ್ರಕಟಿಸಿದೆ. ಅದು ಕಡತದಿಂದ ಇಳಿದು ಮುಂಡರಗಿಯ ಹೊಂಡದ ದಂಡೆಗೆ ಬರಬೇಕು. ಮುಂದಿನ ಬೇಸಿಗೆ ರಜೆಗೆ ಇನ್ನೂ ಸಮಯವಿದೆ. ಪರಿಶೀಲನೆಯ ನಮೂನೆಗೆ ಒಂದು ಅಂಕಣ ಸೇರಿಸುವುದಕ್ಕಂತೂ ಒಂದು ದಿನ ಸಾಕು.