ಸಾರ್ ಸೀಮೆಯ ನಿಷ್ಠೆ

ದೇಶಾಭಿಮಾನವೆಂದರೆ ಆಳುವವರಲ್ಲಿಡುವ ನಿಷ್ಠೆಯೋ, ಆಡುವ ನುಡಿಯಲ್ಲಿರುವ ಪ್ರೀತಿಯೋ? ಈ ಪ್ರಶ್ನೆಯನ್ನು ವಿಚಾರಿಸಲು ಫ್ರಾನ್ಸ್ ಜರ್ಮನಿಗಳ ಗಡಿಯಲ್ಲಿರುವ ಸಾರ್ ಸೀಮೆಯ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಕಲ್ಲಿದ್ದಲೂ ಉಕ್ಕೂ ಆ ಸೀಮೆಯ ಸಂಪತ್ತು. ಅಲ್ಲಿಯವರ ಸಂಕಟಕ್ಕೂ ಅದೇ ಮೂಲ. ಮೊದಲನೆಯ ಮಹಾಯುದ್ಧವು ಮುಗಿದ ತರುವಾಯ, 1920ರಲ್ಲಿ, ಗಣಿಗಳು ಫ್ರಾನ್ಸಿಗೆ ಸಂದುವು. ಆಡಳಿತವು 15 ವರ್ಷಗಳ ಮಟ್ಟಿಗೆ ರಾಷ್ಟ್ರಸಂಘದ ಕೈಸೇರಿತು. 1935ರ ಜನವರಿಯಲ್ಲಿ ಜನಾಭಿಪ್ರಾಯವನ್ನು ಕೇಳಲಾಗಿ, ನೂರಕ್ಕೆ 90ಕ್ಕೂ ಮಿಕ್ಕವರು ಜರ್ಮನಿಯನ್ನೇ ವರಿಸಿದರು. ಆಗ ಅಲ್ಲಿ ಆಳುತ್ತಿದ್ದವನು ಹಿಟ್ಲರ್. ನೂರಕ್ಕೆ ಸುಮಾರು 9 ಜನ ಮಾತ್ರ ರಾಷ್ಟ್ರಸಂಘದ ಆಡಳಿತವೇ ಮುಂದುವರಿಯಲೆಂದರು. ಇವರ ಮನೆಮಾತೂ ಜರ್ಮನ್ ಭಾಷೆಯೇ, ಆದರೂ ದ್ರೋಹಿಗಳೆನಿಸಿಕೊಂಡರು. ಇವರಲ್ಲಿ ಅನೇಕರು ಊರು ತೊರೆದು ಫ್ರಾನ್ಸಿಗೆ ಹೋಗಬೇಕಾಯಿತು.

ಎರಡನೆಯ ಮಹಾಯುದ್ಧಾನಂತರ ಸಾರ್ ಪುನಃ ಫ್ರಾನ್ಸಿನ ಅಂಕೆಗೊಳಗಾಯಿತು. 1952ರ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ವಂತ ಹೆಸರಿನಿಂದಲೇ ಭಾಗವಹಿಸಿತು. ಯೂರೋಪಿನ ಮೇಲ್ವಿಚಾರಣೆಯಲ್ಲಿ ಪ್ರತ್ಯೇಕ ಸೀಮೆಯಾಗಿರಲು ಒಪ್ಪುವಿರಾ ಎಂದು 1955ರಲ್ಲಿ ಕೇಳಿದಾಗ, ಮತವಿತ್ತ ಮೂವರಲ್ಲಿ ಇಬ್ಬರು ಒಲ್ಲೆವೆಂದರು. 1957ರ ಜನವರಿ 1ರಂದು ಸಾರ್ ಪಶ್ಚಿಮ ಜರ್ಮನಿಯನ್ನು ಸೇರಿತು. ಕಟ್ಟಕಡೆಯ ಕಲ್ಲಿದ್ದಲ ಗಣಿಯು 2012ರಲ್ಲಿ ಮುಚ್ಚಿಹೋಯಿತು. ಎರಡು ರಾಜ್ಯಗಳು ಯಾವುದಕ್ಕಾಗಿ ಸೆಣಸಿದುವೋ ಆ ಗಣಿಕಾರ್ಯವು ನಿಂತಿತು. ಜನರ ನುಡಿ ಉಳಿಯಿತು.

ಆದರೆ ನುಡಿಯ ಪ್ರೀತಿಯೊಂದೇ ಸಾಲದೆಂಬುದನ್ನು 1935ರ ಮತವು ಕಲಿಸುತ್ತದೆ. ತನ್ನ ಮಾತನ್ನಾಡುವವನೆಂದು ಒಬ್ಬನನ್ನು ಒಡೆಯನನ್ನಾಗಿ ಒಪ್ಪುವ ಮುನ್ನ ಅವನ ಗುಣವನ್ನೂ ವಿಚಾರಿಸಬೇಕು. ಹಾಗೆ ವಿಚಾರಿಸಿ ಸೋತ ಆ ಕೆಲವರನ್ನು ನಾವು ದೇಶಾಭಿಮಾನಿಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸುತ್ತೇವೆ.