ಕಿವಿಗೂ ಜಾತಿ ಇದೆಯಾ?

"ತಮಟೆ ಬಿಟ್ಟು ಈ ಡೆತ್ ಮೆಟಲ್ ಅರಚಾಟ ಯಾಕಣ್ಣ?" ಅಂತ ನಮ್ಮವರೇ ಕೇಳ್ತಾರೆ.

ತಮಟೆ ಬಿಟ್ಟಿಲ್ಲ. ಆದ್ರೆ ಫ್ಲಾರಿಡಾದ 'ಡೆತ್' ಬ್ಯಾಂಡಿನ ಏಳು ಆಲ್ಬಮ್ಮೂ ನನ್ನವೇ. 1987ರ ಮೊದಲನೇದ್ರಲ್ಲಿ ಬರೀ ರಕ್ತ, ಹೆಣ. ಮರುವರ್ಷ 'ಲೆಪ್ರಸಿ'ಯಲ್ಲಿ ಚಕ್ ಶುಲ್ಡಿನರ್ ಕುಷ್ಠ ಬಂತು ಅಂತ ಜನ ದೂರ ತಳ್ಳಿದವರನ್ನು ಹಾಡಿದ. ಕೇರಿಯಲ್ಲಿ ಬೆಳೆದ ನನಗೆ ಅದನ್ನ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. 1991ರ 'ಹ್ಯೂಮನ್' ಹೊತ್ತಿಗೆ ಹೆಣ ಬಿಟ್ಟು ಮನುಷ್ಯನ ಒಳಗನ್ನೇ ಕೆದಕಿದ. 1998ರ ಕೊನೇ ಆಲ್ಬಮ್‌ವರೆಗೂ ಹಳೇದಕ್ಕೆ ಅಂಟಿ ಕೂರಲಿಲ್ಲ. 2001ರಲ್ಲಿ, 34ಕ್ಕೇ, ಮೆದುಳಿನ ಗಡ್ಡೆಯಿಂದ ಸತ್ತ.

ಹುಟ್ಟು ನೋಡಿ ಕೆಲಸ ಹಂಚಿದವರ ವಿರುದ್ಧ ತಾನೇ ನಮ್ಮ ಹೋರಾಟ? ಹುಟ್ಟು ನೋಡಿ ಹಾಡು ಹಂಚಬೇಡಿ. ಅದೂ ಮನುವಾದವೇ.